ಕೈಯಲ್ಲಿ ನಾಲ್ಕು, ಲೆಕ್ಕಕ್ಕೆ ಎರಡು

ನಾಲ್ಕೂ ಎಕ್ಕ ಒಂದೇ ಕೈಗೆ ಬಂದರೆ ಇಸ್ಪೀಟಾಡುವ ಯಾರಿಗಾದರೂ ಮೈ ಜುಮ್ಮೆನ್ನಬೇಕು. ಓಮಾಹಾ ಪೋಕರ್‌ನಲ್ಲಿ ಮಾತ್ರ ಅದು ಎಸೆದು ಸುಮ್ಮನಿರಬೇಕಾದ ಕೈ. ಇಲ್ಲಿ ಆಟಗಾರನಿಗೆ ನಾಲ್ಕು ಎಲೆ ಹಂಚುತ್ತಾರೆ, ನಡುವೆ ಬೋರ್ಡಿನಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಕೈಯಿಂದ ಎರಡೇ ಎರಡು, ಬೋರ್ಡಿನಿಂದ ಮೂರೇ ಮೂರು ಸೇರಿಸಿ ಆಟ ತೋರಿಸಬೇಕು. ನಾಲ್ಕು ಎಕ್ಕ ಹಿಡಿದವನಿಗೆ ದಕ್ಕುವುದು ಬರೀ ಒಂದು ಜೋಡಿ. ಅದನ್ನು ಬೆಳೆಸಬಲ್ಲ ಐದನೆಯ ಎಕ್ಕ ಕಟ್ಟಿನಲ್ಲಿಲ್ಲ.

ನಿಯಮ ಇಷ್ಟೇ, ಎರಡು ವಾಕ್ಯದಲ್ಲಿ ಮುಗಿಯಿತು. ಆದರೆ ಅದು ಕಣ್ಣಿಗೆ ಇಳಿಯುವುದಕ್ಕೆ ಹಿಡಿಯುವ ಕಾಲವೇ ಬೇರೆ. ರಮ್ಮಿ ಆಡಿ ಬೆಳೆದವರಿಗೆ ಕೈಯಲ್ಲಿರುವ ಪ್ರತಿ ಎಲೆಯನ್ನೂ ಎಲ್ಲಾದರೂ ಜೋಡಿಸುವ ಚಟ. ಬೋರ್ಡಿನಲ್ಲಿ ನಾಲ್ಕು ಇಸ್ಪೇಟು ಬಿದ್ದು, ತಮ್ಮ ಕೈಯಲ್ಲಿ ಒಂಟಿ ಇಸ್ಪೇಟು ಎಕ್ಕ ಇದ್ದರೆ, ಐದೂ ಒಂದೇ ಜಾತಿಯ ಫ್ಲಶ್ ಆಯಿತೆಂದೇ ಹಿಗ್ಗುತ್ತಾರೆ. ಆಗಿರುವುದಿಲ್ಲ. ಎರಡೆಲೆಯ ಹೋಲ್ಡ್‌ಎಮ್‌ನಿಂದ ಬಂದವರ ಪಾಡೂ ಇದಕ್ಕಿಂತ ಮೇಲಲ್ಲ. ಅಲ್ಲಿ ಆರಂಭದ ಕೈಗಳು 1,326, ಇಲ್ಲಿ 2,70,725. ಅಲ್ಲಿ ಎಕ್ಕದ ಜೋಡಿ ಸಿಗುವುದು 221ಕ್ಕೆ ಒಂದು ಸಲ, ಸಿಕ್ಕರೆ ರಾಜನ ಜೋಡಿಯ ಎದುರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಬಾರಿ ಗೆಲ್ಲುತ್ತದೆ. ಇಲ್ಲಿ ಸುಮಾರು 39ಕ್ಕೊಮ್ಮೆ ಕೈಯಲ್ಲಿ ಎಕ್ಕದ ಜೋಡಿ ಇರುತ್ತದೆ. ಜೊತೆಗಿರುವ ಎರಡೆಲೆ ಯಾವುದಕ್ಕೂ ಬಾರದವಾದರೆ, ಎರಡೆರಡು ಒಂದೇ ಜಾತಿಯ 9-8-7-6ರ ಮುಂದೆ ಅದರ ಬೆಲೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಇಂಥ ಆಟವನ್ನು ಪುಸ್ತಕ ಓದಿ ಕಲಿಯಬಹುದೇ? ಈ ಆಟದ ಮೇಲಿನ ಪುಸ್ತಕಗಳ ಸಾಲು ಉದ್ದವೇನಲ್ಲ. ಆಟವೇ ಅಷ್ಟು ಹಳೆಯದಲ್ಲ: 1980ರ ದಶಕದ ಆರಂಭದಲ್ಲಿ ಪೋಕರ್ ಆಟಗಾರ ರಾಬರ್ಟ್ ಟರ್ನರ್ ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೊದಲ್ಲಿ ಅಲ್ಲಿನ ಪೋಕರ್ ಕೋಣೆ ನಡೆಸುತ್ತಿದ್ದ ಬಿಲ್ ಬಾಯ್ಡ್‌ಗೆ ಇದನ್ನು ಪರಿಚಯಿಸಿದ. ಪಾಟ್, ಅಂದರೆ ನಡುವೆ ಸೇರಿದ ಪಣ, ಎಷ್ಟಿದೆಯೋ ಹೆಚ್ಚೆಂದರೆ ಅಷ್ಟು ಬೆಟ್ ಕಟ್ಟಬಹುದಾದ ಪಾಟ್-ಲಿಮಿಟ್ ರೂಪದಲ್ಲಿ ಅದು ಯುರೋಪಿನಲ್ಲಿ ಬೇರುಬಿಟ್ಟಿತು. ಸ್ಟೀವರ್ಟ್ ರೂಬೆನ್ ಮತ್ತು ಬಾಬ್ ಸಿಯಾಫೋನ್ 1997ರಲ್ಲಿ ತಂದ ಪುಸ್ತಕದಲ್ಲಿ ಓಮಾಹಾ ಹಲವು ಆಟಗಳ ನಡುವೆ ಒಂದು. ಡಾಯ್ಲ್ ಬ್ರನ್ಸನ್‌ನ ‘ಸೂಪರ್ ಸಿಸ್ಟಮ್ 2’ರಲ್ಲಿ ಇದಕ್ಕೆ ಒಂದು ಅಧ್ಯಾಯ ಸಿಕ್ಕಿತು, ಬರೆದವನು ಕ್ಯಾಸಿನೊ ಉದ್ಯಮಿ ಲೈಲ್ ಬರ್ಮನ್. ಓದಲು ಹಿತವಾಗಿದೆ, ಕಲಿಯಲು ಸಾಲದು.

ರಾಲ್ಫ್ ಸ್ಲಾಟ್‌ಬೂಮ್‌ನ 2006ರ ಪುಸ್ತಕದ ಮೇಲೆ ನನಗೆ ಗೌರವವೂ ಇದೆ, ತಕರಾರೂ ಇದೆ. ಕಡಿಮೆ ಹಣದೊಂದಿಗೆ ಕೂತು, ಒಳ್ಳೆಯ ಕೈ ಬಂದಾಗ ಆರಂಭದಲ್ಲೇ ಎಲ್ಲವನ್ನೂ ಪಾಟ್‌ಗೆ ತಳ್ಳುವ ತಂತ್ರವನ್ನು ಆತ ಬಿಡಿಸಿಡುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಫ್ಲಾಪ್‌ಗೆ ಮೊದಲೇ ಹಣವೆಲ್ಲ ಒಳಗೆ ಹೋದರೆ, ಟರ್ನ್‌ನಲ್ಲಿ ಏನು ಮಾಡಬೇಕು, ರಿವರ್‌ನಲ್ಲಿ ಯಾವಾಗ ಬಿಡಬೇಕು ಎಂಬ ಪ್ರಶ್ನೆಗಳೇ ಏಳುವುದಿಲ್ಲ. ಓಮಾಹಾದ ರುಚಿಯೆಲ್ಲ ಇರುವುದು ಆ ಪ್ರಶ್ನೆಗಳಲ್ಲಿ. ದುಡ್ಡು ಉಳಿಸುವ ದಾರಿಯನ್ನು ಈ ಪುಸ್ತಕ ಕಲಿಸುತ್ತದೆ, ಆಟವನ್ನಲ್ಲ.

ಹೊಸಬರು ಯಾವುದಾದರೂ ಒಂದನ್ನೇ ಓದುವುದಾದರೆ ಅದು ಜೆಫ್ ಹ್ವಾಂಗ್‌ನ 2008ರ ‘ಪಾಟ್-ಲಿಮಿಟ್ ಓಮಾಹಾ ಪೋಕರ್: ದ ಬಿಗ್ ಪ್ಲೇ ಸ್ಟ್ರಾಟೆಜಿ’ ಆಗಲಿ. ಕೈಯನ್ನು ನಾಲ್ಕು ಬಿಡಿ ಎಲೆಗಳಾಗಿ ನೋಡುವುದನ್ನು ಬಿಡಿಸಿ, ಆರು ಜೋಡಿಗಳ ಒಂದು ಕಟ್ಟಡವಾಗಿ ನೋಡುವ ಕಣ್ಣು ಕೊಡುತ್ತದೆ ಅದು. ಎಲೆಗಳ ಅಂಕಿಯ ಸಾಲಿನಲ್ಲಿ ನಡುವೆ ಬಿಲವಿಲ್ಲದ ಕೈ, ಬಿಲವಿರುವ ಕೈ, ಬಿಲ ಎಲ್ಲಿದೆ ಎಂಬುದರ ಮೇಲೆ ಬದಲಾಗುವ ಬೆಲೆ, ಇವನ್ನೆಲ್ಲ ತಾಳ್ಮೆಯಿಂದ ವಿಂಗಡಿಸುತ್ತದೆ.

ಹ್ವಾಂಗ್ ಒತ್ತಿ ಹೇಳುವ ಮಾತು ನಟ್ಸ್‌ನದು, ಅಂದರೆ ಆ ಬೋರ್ಡಿನಲ್ಲಿ ಯಾರೂ ಮೀರಿಸಲಾರದ ಕೈಯದು. ಅದರ ತೂಕ ಗೊತ್ತಾಗಬೇಕಾದರೆ ಒಂದು ಕೈಯನ್ನು ಪೂರ್ತಿ ಬಿಚ್ಚಿ ನೋಡಬೇಕು. ನಿಮ್ಮ ಬಳಿ ಗುಲಾಮ, 10, 7, 6. ಫ್ಲಾಪ್ 9, 8, 2, ಮೂರೂ ಬೇರೆ ಬೇರೆ ಜಾತಿ. ಇಂಥ ಕೈಗೆ ರ‍್ಯಾಪ್ ಎನ್ನುತ್ತಾರೆ. ರಾಣಿ ಬಂದರೂ ಸ್ಟ್ರೈಟ್, ಅಂದರೆ ಸಾಲಾಗಿ ಐದು ಎಲೆ, 5 ಬಂದರೂ ಸ್ಟ್ರೈಟ್. ಗುಲಾಮ, 10, 7, 6 ಯಾವುದು ಬಂದರೂ ಸ್ಟ್ರೈಟ್. ರಾಣಿ ನಾಲ್ಕು, 5 ನಾಲ್ಕು, ಉಳಿದ ನಾಲ್ಕು ಬಗೆಯಲ್ಲಿ ಮೂರು ಮೂರು. ಒಟ್ಟು 20 ಎಲೆ. ಹೋಲ್ಡ್‌ಎಮ್‌ನಲ್ಲಿ ಎರಡೂ ತುದಿ ತೆರೆದ ಸ್ಟ್ರೈಟ್‌ಗೆ ಎಂಟೇ ಎಲೆ. ರಿವರ್ ಮುಗಿಯುವುದರೊಳಗೆ ಇಪ್ಪತ್ತರಲ್ಲಿ ಒಂದು ಬೀಳುವ ಸಂಭವ ಸುಮಾರು ನೂರಕ್ಕೆ 70. ಇಷ್ಟು ಲೆಕ್ಕ ಕಲಿತವನು ಕಣ್ಣು ಮುಚ್ಚಿ ಪಾಟ್‌ನಷ್ಟು ಬೆಟ್ ಕಟ್ಟುತ್ತಾನೆ.

ಈಗ ಅದೇ ಇಪ್ಪತ್ತನ್ನು ಮತ್ತೆ ಎಣಿಸಿ. ಟರ್ನ್‌ನಲ್ಲಿ 10 ಬಿದ್ದರೆ ನಿಮ್ಮದು ಗುಲಾಮನವರೆಗಿನ ಸ್ಟ್ರೈಟ್. ರಾಣಿ-ಗುಲಾಮ ಹಿಡಿದವನದು ರಾಣಿಯವರೆಗೆ. ಗುಲಾಮ ಬಿದ್ದರೂ ಅಷ್ಟೇ, ರಾಣಿ-10 ಹಿಡಿದವನು ನಿಮ್ಮ ಮೇಲೆ ಕೂತಿರುತ್ತಾನೆ. ಆರು ಎಲೆ ಹೋಯಿತು, ನಟ್ಸ್ ಕೊಡುವವು ಉಳಿದದ್ದು 14. ಇನ್ನು ಎದುರಾಳಿಯ ಬಳಿ ಮೂರು 9 ಕೂಡಿದ್ದರೆ, ಬೋರ್ಡಿನಲ್ಲಿ ಯಾವುದಾದರೂ ಎಲೆ ಜೋಡಿಯಾಗಿ ಆತನಿಗೆ ಸ್ಟ್ರೈಟನ್ನು ಸೋಲಿಸುವ ಫುಲ್ ಹೌಸೋ ಅದಕ್ಕೂ ದೊಡ್ಡದೋ ಆಗುವುದು ಸುಮಾರು ಮೂರರಲ್ಲಿ ಒಂದು ಸಲ. ನಿಮ್ಮ ಸ್ಟ್ರೈಟ್ ಬಂದ ಮೇಲೂ ಆಗಬಹುದು. 70 ಎಂಬ ಅಂಕಿ ಸುಳ್ಳಲ್ಲ, ಆದರೆ ಅದು ಸ್ಟ್ರೈಟ್ ಆಗುವ ಲೆಕ್ಕ, ಗೆಲ್ಲುವ ಲೆಕ್ಕವಲ್ಲ. ಓಮಾಹಾದಲ್ಲಿ ದಿವಾಳಿಯಾಗುವುದು ಕೆಟ್ಟ ಕೈಯಿಂದಲ್ಲ, ಎರಡನೆಯ ಅತ್ಯುತ್ತಮ ಕೈಯಿಂದ. ಈ ಭಯವನ್ನು ಹುಟ್ಟಿಸುವುದರಲ್ಲಿ ಹ್ವಾಂಗ್‌ನ ಪುಸ್ತಕ ಗೆದ್ದಿದೆ.

ಅದೇ ಭಯ ಅದರ ಮಿತಿಯೂ ಹೌದು. ಒಂದೊಂದು ಕೈಗೂ ನಾಲ್ಕೈದು ಜನ ಫ್ಲಾಪ್ ನೋಡಿ, ಸೋತಿದ್ದೇವೆಂದು ಗೊತ್ತಿದ್ದೂ ಬೆಟ್‌ಗೆ ಸರಿಗಟ್ಟಿ ಕಾಲ್ ಮಾಡುವ ಧಾರಾಳ ಮೇಜು ಆ ಪುಸ್ತಕದ ಲೋಕ. ಅಲ್ಲಿ ನಟ್ಸ್ ಕಾಯುತ್ತ ಕೂತರೂ ಹಣ ಬರುತ್ತದೆ. ಆರೇ ಜನರ ಚುರುಕು ಮೇಜಿನಲ್ಲಿ ಹಾಗೆ ಕೂತವನ ಬಣ್ಣ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ: ಅವನು ಬೆಟ್ ಕಟ್ಟಿದಾಗ ಎಲ್ಲರೂ ಎಲೆ ಬಿಟ್ಟು ಫೋಲ್ಡ್, ಕಟ್ಟದಾಗ ಎಲ್ಲರೂ ಅವನ ಮೇಲೆ. 2020ರಲ್ಲಿ ಬಂದ ಫರ್ನಾಂಡೊ ಹಾಬೆಗರ್‌ನ ಪುಸ್ತಕ ಈ ಕೊರತೆಯನ್ನು, ಸರಿಯಾದ ಆಟವನ್ನು ಲೆಕ್ಕ ಹಾಕುವ ಸಾಲ್ವರ್ ತಂತ್ರಾಂಶಗಳ ಕಾಲದ ತಿಳಿವಳಿಕೆಯಿಂದ ತುಂಬಲು ಹೊರಡುತ್ತದೆ. ಸಾಲ್ವರ್ ಎಂಬ ಹೆಸರಿಗೂ ಪೂರ್ತಿ ಮರುಳಾಗಬೇಕಿಲ್ಲ. ಓಮಾಹಾದ ಕವಲುಗಳು ಎಷ್ಟು ಹಬ್ಬುತ್ತವೆಂದರೆ ಕಂಪ್ಯೂಟರ್ ಕೂಡ ಒಂದೇ ತರಹದ ಕೈಗಳನ್ನು ಗುಂಪು ಮಾಡಿ ಅಂದಾಜಿನಲ್ಲೇ ಲೆಕ್ಕ ಹಾಕಬೇಕಾಗುತ್ತದೆ.

ಹಾಗಾದರೆ ಆಡುತ್ತ ಆಡುತ್ತ ಕಲಿಯೋಣ ಎನ್ನುವವರ ಮಾತು ಕೇಳಲು ಚೆನ್ನ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ, ಮಾರನೆಯ ದಿನ ತಿದ್ದಿಕೊಳ್ಳಬಹುದು. ಈ ಮೇಜು ಹಾಗೆ ಹೇಳಿಕೊಡುವುದಿಲ್ಲ. ಸರಿಯಾದ ತೀರ್ಮಾನಕ್ಕೆ ಸೋಲು, ತಪ್ಪು ತೀರ್ಮಾನಕ್ಕೆ ರಾಶಿ ಹಣ, ಎರಡೂ ಇಲ್ಲಿ ದಿನನಿತ್ಯದ ಸಂಗತಿ. 2009ರ ನವೆಂಬರ್‌ನಲ್ಲಿ ವೃತ್ತಿಪರ ಆಟಗಾರ ಪ್ಯಾಟ್ರಿಕ್ ಆಂಟೋನಿಯಸ್, ಇನ್ನೊಬ್ಬ ವೃತ್ತಿಪರ ವಿಕ್ಟರ್ ಬ್ಲೋಮ್‌ನಿಂದ ಆನ್‌ಲೈನಿನಲ್ಲಿ ಗೆದ್ದ ಪಾಟ್ 13.5 ಲಕ್ಷ ಡಾಲರ್ ಮೀರಿತ್ತು. ಆಟ ಪಾಟ್-ಲಿಮಿಟ್ ಓಮಾಹಾ. ಅಂಥ ಆಟವನ್ನು ನೋಡಿ ಕಲಿತೆ ಎನ್ನುವವರು ಕಲಿತದ್ದು ಮೊತ್ತವನ್ನು ಮಾತ್ರ. ಒಂದು ಪಾಟ್‌ನಿಂದ ಯಾರ ತೀರ್ಮಾನವನ್ನೂ ಅಳೆಯಲಾಗದು.

ಸಣ್ಣ ಮೊತ್ತ ಕಟ್ಟಿ ಆನ್‌ಲೈನಿನಲ್ಲಿ ಕೈ ಪಳಗಿಸಿಕೊಳ್ಳಿ ಎಂಬ ಮಾಮೂಲಿ ಸಲಹೆ ನಮ್ಮಲ್ಲಿ ಈಗ ನಡೆಯುವುದೂ ಇಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ವ್ಯಾಪ್ತಿಗೆ ತಂದಿತು. ಕಾನೂನಿನ ಸರಿತಪ್ಪು ಬೇರೆ ಚರ್ಚೆ. ಕಲಿಕೆಯ ಮಟ್ಟಿಗೆ ಇದರಿಂದ ದೊಡ್ಡ ನಷ್ಟವೇನೂ ಆಗಿಲ್ಲ ಎಂದೇ ನನ್ನ ಎಣಿಕೆ. ಮುಖ್ಯವಾದ ಅಭ್ಯಾಸಕ್ಕೆ ಹಣವೂ ಬೇಡ, ಎದುರಾಳಿಯೂ ಬೇಡ.

ಬೇಕಾದದ್ದು ಒಂದು ಕಟ್ಟು ಇಸ್ಪೀಟೆಲೆ, ಒಂದು ಪೆನ್ನು. ಫ್ಲಾಪ್‌ನ ಮೂರೆಲೆ ತೆರೆದು, ಇಲ್ಲಿ ನಟ್ಸ್ ಯಾವುದು, ಎರಡನೆಯದು ಯಾವುದು ಎಂದು ಬರೆಯುವುದು. ಟರ್ನ್ ತೆರೆದು ಮತ್ತೆ, ರಿವರ್ ತೆರೆದು ಮತ್ತೆ. ಅದು ನಾಲಗೆ ತುದಿಗೆ ಬಂದ ಮೇಲೆ ನಾಲ್ಕೆಲೆಯ ಕೈ ಹಂಚಿಕೊಂಡು, ಬೇಕಾದ ಎಲೆಗಳನ್ನು ಎಣಿಸಿ, ನಟ್ಸ್ ಕೊಡುವವನ್ನೂ ಕೊಡದವನ್ನೂ ಬೇರೆ ಮಾಡಿ, ಆಮೇಲಷ್ಟೇ ಸಂಭವ ಲೆಕ್ಕ ಹಾಕುವ ತಂತ್ರಾಂಶದಲ್ಲಿ ತಾಳೆ ನೋಡುವುದು. ಉತ್ತರವನ್ನು ಮೊದಲೇ ನೋಡಿಬಿಟ್ಟರೆ ಕಲಿಕೆ ಅಲ್ಲಿಗೆ ಮುಗಿಯಿತು. ಬೇಸರದ ಕೆಲಸ, ನಿಜ. ಹ್ವಾಂಗ್ ತನ್ನ ಪುಸ್ತಕದಲ್ಲಿ ಅಭ್ಯಾಸದ ಕೈಗಳನ್ನು ಕೊಟ್ಟಿದ್ದಾನೆ, ಓದುಗರು ಹಾರಿಸುವುದೂ ಅವನ್ನೇ.

ಈ ಅಭ್ಯಾಸಕ್ಕೆ ಎಟುಕದ್ದೂ ಒಂದಿದೆ. ಬೋರ್ಡಿನಲ್ಲಿ ಮೂರು ಇಸ್ಪೇಟು, ನಿಮ್ಮ ಕೈಯಲ್ಲಿ ಆ ಒಂಟಿ ಇಸ್ಪೇಟು ಎಕ್ಕ. ಫ್ಲಶ್ ಇಲ್ಲ, ಆದರೆ ಎಕ್ಕದ ಫ್ಲಶ್ ಬೇರೆ ಯಾರ ಬಳಿಯೂ ಇಲ್ಲವೆಂಬುದು ಮೇಜಿನಲ್ಲಿ ನಿಮಗೊಬ್ಬರಿಗೇ ಗೊತ್ತು. ಮೂರೂ ಸುತ್ತಿನಲ್ಲಿ ಪಾಟ್‌ನಷ್ಟು ಬೆಟ್ ಕಟ್ಟುತ್ತ ಹೋದರೆ, ರಾಜನ ಫ್ಲಶ್ ಹಿಡಿದವನು ಎರಡನೆಯ ಅತ್ಯುತ್ತಮ ಕೈಯ ಭಯಕ್ಕೆ ಎಲೆ ಕೆಳಗಿಡಬೇಕು. ಒಳ್ಳೆಯ ಪುಸ್ತಕಗಳು ಈ ಉಪಾಯವನ್ನು ಮೆಚ್ಚುವುದುಂಟು. ಅದು ಫಲಿಸಬೇಕಾದರೆ ಎದುರಿಗಿರುವವನೂ ಅದೇ ಪುಸ್ತಕ ಓದಿ ಅದೇ ಭಯವನ್ನು ಕಲಿತಿರಬೇಕು. ಓದದವನು ಕೈಯಲ್ಲಿರುವ ರಾಜನನ್ನು ನೋಡಿ ಖುಷಿಯಿಂದ ಕಾಲ್ ಮಾಡುತ್ತಾನೆ, ಪಾಟ್ ಎತ್ತಿಕೊಂಡು ಹೋಗುತ್ತಾನೆ.