ನೋಟಗಾರನ ನಿಮೇಷ

ನಾಣ್ಯಗಳನ್ನು ಪರೀಕ್ಷಿಸಿ ಸಾಚಾ ಯಾವುದು, ಖೋಟಾ ಯಾವುದು ಎಂದು ಹೇಳುತ್ತಿದ್ದವನಿಗೆ ನಮ್ಮ ಹಿರಿಯರು ‘ನೋಟಗಾರ’ ಎಂಬ ಹೆಸರನ್ನಿಟ್ಟಿದ್ದರು. ಅವನ ಬಳಿ ತಕ್ಕಡಿಯೂ ಒರೆಗಲ್ಲೂ ಇದ್ದುವಾದರೂ ಹೆಸರು ಬಂದುದು ಆ ಉಪಕರಣಗಳಿಂದಲ್ಲ, ಕಣ್ಣಿನಿಂದ. ಈ ಹಳೆಯ ಮಾತು ನನಗೆ ನೆನಪಾದುದು, ಇಂದಿನ ನಾಣ್ಯಸಂಗ್ರಾಹಕರಲ್ಲಿ ಪಳಗಿದವರು ನಾಣ್ಯವೊಂದರ ದರ್ಜೆಯನ್ನು ನಾಲ್ಕಾರು ಸೆಕೆಂಡುಗಳಲ್ಲಿ ನಿರ್ಣಯಿಸಿ ಪಕ್ಕಕ್ಕಿಡುವ ರೂಢಿಯನ್ನು ಕುರಿತು ಆಲೋಚಿಸುವಾಗ. ಹೊಸಬನು ಭೂತಗನ್ನಡಿ ಹಿಡಿದು ಕಾಲು ಗಂಟೆ ತಡಕಿದರೂ ಕಾಣದುದನ್ನು ಇವರು ಬರಿಗಣ್ಣಿನಿಂದಲೇ ಕಾಣುತ್ತಾರೆ. ಇದು ವಿದ್ಯೆಯ ಪರಿಪಾಕವೋ, ವಿದ್ಯೆಯ ವೇಷವನ್ನು ಧರಿಸಿದ ಅವಸರವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕದ ಮಾರ್ಗನ್ ಡಾಲರನ್ನೇ ನೋಡೋಣ. 1878ರಿಂದ 1904ರವರೆಗೂ, ಮತ್ತೆ 1921ರಲ್ಲಿಯೂ ಅಚ್ಚಾದ ಈ ಬೆಳ್ಳಿಯ ನಾಣ್ಯದ ತೂಕ 26.73 ಗ್ರಾಂ, ಮುಂಬದಿಯಲ್ಲಿ ಸ್ವಾತಂತ್ರ್ಯದೇವಿಯ ಮುಖ, ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಬಲ್ಲವನು ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು ದೀಪದ ಕೆಳಗೆ ಮೆಲ್ಲನೆ ವಾಲಿಸುತ್ತಾನೆ. ಅಚ್ಚಿನ ಒತ್ತಡಕ್ಕೆ ಸಿಕ್ಕ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುವಾಗ ಮೈಮೇಲೆ ಉಳಿಸಿಹೋದ ಅತಿಸೂಕ್ಷ್ಮವಾದ ರೇಖೆಗಳು ಬೆಳಕನ್ನು ಹಿಡಿದು, ಗಾಡಿಯ ಚಕ್ರದ ಅರೆಗಳಂತೆ ನಾಣ್ಯದ ಸುತ್ತ ತಿರುಗುವ ಒಂದು ಕಾಂತಿಯನ್ನು ತೋರುತ್ತವೆ. ಈ ಚಕ್ರವು ಎಲ್ಲಿಯೂ ಕಡಿಯದೆ ಸುತ್ತಿತೆಂದರೆ ನಾಣ್ಯವು ಚಲಾವಣೆಯನ್ನು ಕಂಡಿಲ್ಲ. ಕಿವಿಯ ಮೇಲಣ ಕೂದಲಿನಲ್ಲಾಗಲಿ ಹದ್ದಿನ ಎದೆಯಲ್ಲಾಗಲಿ ಕಡಿದು ಮಂಕಾಯಿತೆಂದರೆ ಅದು ಕೈಯಿಂದ ಕೈಗೆ ದಾಟಿದೆ. ಅನಂತರ ಕಣ್ಣು ದೇವಿಯ ಕೆನ್ನೆಗೆ ಬರುತ್ತದೆ. ಸಾವಿರ ಸಾವಿರವಾಗಿ ಚೀಲಗಳಲ್ಲಿ ತುಂಬಿ ಸಾಗಿಸಿದ ಈ ನಾಣ್ಯಗಳು ಒಂದಕ್ಕೊಂದು ತಾಗಿ ಮಾಡಿಕೊಂಡ ಗಾಯಗಳು ಆ ನುಣುಪಾದ ಕೆನ್ನೆಯ ಮೇಲೆ ಕಾಣುವಷ್ಟು ಮತ್ತೆಲ್ಲಿಯೂ ಕಾಣವು. ಕಾಂತಿ, ಕೂದಲು, ಎದೆ, ಕೆನ್ನೆ: ಇಷ್ಟಕ್ಕೆ ನಾಲ್ಕಾರು ಸೆಕೆಂಡು ಧಾರಾಳವಾಗಿ ಸಾಕು. ಹೊಸಬನು ತಡವರಿಸುವುದು ಎಲ್ಲವನ್ನೂ ಸಮನಾಗಿ ನೋಡುವುದರಿಂದ. ಬಲ್ಲವನ ಶೀಘ್ರತೆಯಿರುವುದು ಯಾವುದನ್ನು ನೋಡಬೇಕಾಗಿಲ್ಲ ಎಂಬುದನ್ನು ಅವನು ಸಾವಿರಾರು ನಾಣ್ಯಗಳ ಸಹವಾಸದಿಂದ ಕಲಿತಿರುವುದರಲ್ಲಿ.

ಇದಕ್ಕಿಂತಲೂ ನಾನು ಮೆಚ್ಚುವುದು ಅವನು ಒಂದು ಕ್ಷಣ ನಿಲ್ಲುವ ಎಡೆಯನ್ನು. ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ ಹುಟ್ಟಿದ ಎಷ್ಟೋ ಮಾರ್ಗನ್ ಡಾಲರುಗಳಲ್ಲಿ ಅಚ್ಚು ಗಟ್ಟಿಯಾಗಿ ಕೂರದೆ, ಕಿವಿಯ ಮೇಲಣ ಕೂದಲಿನ ಎಳೆಗಳು ಮೂಡಿಯೇ ಇರುವುದಿಲ್ಲ. ಸವೆತವು ಮೊದಲು ತೋರುವ ಸ್ಥಳವೂ ಅದೇ ಆದುದರಿಂದ, ಹುಟ್ಟಿನಿಂದ ಬಂದ ಕೊರತೆಯನ್ನು ಬಳಕೆಯಿಂದ ಬಂದ ಸವಕಲೆಂದು ಭ್ರಮಿಸುವುದು ಸುಲಭ. ಸವೆದ ಎಡೆಯಲ್ಲಿ ಕಾಂತಿಯು ಸತ್ತಿರುತ್ತದೆ. ಅಚ್ಚು ಕೂರದ ಎಡೆಯಲ್ಲಿ ರೂಪವಿಲ್ಲದಿದ್ದರೂ ಕಾಂತಿಯು ಜೀವಂತವಾಗಿರುತ್ತದೆ. ಈ ವ್ಯತ್ಯಾಸವನ್ನು ಪುಸ್ತಕದಿಂದ ತಿಳಿಯಬಹುದು. ಬೆರಳ ತುದಿಯಲ್ಲಿ ನಾಣ್ಯವು ಅರೆಸುತ್ತು ತಿರುಗುವಷ್ಟರಲ್ಲಿ ಕಾಣಬೇಕಾದರೆ ವರ್ಷಗಳ ಅಭ್ಯಾಸವೇ ಬೇಕು.

ಆದರೆ ಈ ಅಭ್ಯಾಸವು ಒಂದು ಸೀಮೆಯೊಳಗಣ ಐಶ್ವರ್ಯ. ಡಾಲರುಗಳಲ್ಲಿ ಪಳಗಿದವನ ಕೈಗೆ ವಿಕ್ಟೋರಿಯಾ ರಾಣಿಯ ರೂಪಾಯಿಯೊಂದನ್ನು ಕೊಟ್ಟರೆ, ಕಿರೀಟವನ್ನೂ ಕುಪ್ಪಸದ ಕಸೂತಿಯನ್ನೂ ಅವನು ಮೊದಲಿನಿಂದ ಓದಬೇಕಾಗುತ್ತದೆ; ನಮ್ಮ ಶರಾಫರು ಪರೀಕ್ಷಾರ್ಥವಾಗಿ ಹೊಡೆದ ಸಣ್ಣ ಮುದ್ರೆಯ ಗುರುತು ಕಂಡರೆ ಅದನ್ನು ಬರಿಯ ಪೆಟ್ಟೆಂದು ಎಣಿಸಿಯಾನು. ಒಂದು ವರ್ಗದ ನಾಣ್ಯಗಳಲ್ಲಿ ಗಳಿಸಿದ ವೇಗವನ್ನು ಮತ್ತೊಂದು ವರ್ಗಕ್ಕೆ ಹಾಗೆಯೇ ಒಯ್ಯುವವನನ್ನು ನಂಬತಕ್ಕುದಲ್ಲ.

ನನ್ನ ಮುಖ್ಯವಾದ ಆಕ್ಷೇಪಣೆ ಕಣ್ಣನ್ನು ಕುರಿತದ್ದಲ್ಲ, ಆ ಕಣ್ಣಿನ ಕೈಗೆ ಕೊಟ್ಟಿರುವ ಅಳತೆಗೋಲನ್ನು ಕುರಿತದ್ದು. ಇಂದು ಲೋಕದ ಬಹುಭಾಗದಲ್ಲಿ ಬಳಕೆಯಲ್ಲಿರುವ 1ರಿಂದ 70ರವರೆಗಿನ ದರ್ಜೆಯ ಶ್ರೇಣಿಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಪ್ರಕಟಿಸಿದುದು ಅಮೆರಿಕದ ಹಳೆಯ ತಾಮ್ರದ ದೊಡ್ಡ ಸೆಂಟುಗಳಿಗಾಗಿ. ಅದು ಮೂಲತಃ ಬೆಲೆಯ ಲೆಕ್ಕ. ಗುರುತು ಸಿಕ್ಕುವಷ್ಟು ಮಾತ್ರ ಉಳಿದ ಸೆಂಟಿಗೆ ಒಂದು ಡಾಲರಾದರೆ ನಿರ್ದುಷ್ಟವಾದ ಸೆಂಟಿಗೆ ಎಪ್ಪತ್ತು ಎಂಬುದು ಅದರ ತರ್ಕ. ಆ ಬೆಲೆಗಳು ಬಹುಬೇಗ ಹಳತಾದುವು. ಅಂಕಿಗಳು ಮಾತ್ರ ಉಳಿದು, 1970ರ ದಶಕದಲ್ಲಿ ಇತರ ನಾಣ್ಯಗಳಿಗೂ ಹಬ್ಬಿದುವು. ಚಲಾವಣೆ ಕಾಣದ ನಾಣ್ಯಗಳಿಗೇ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲುಗಳು ಇಂದು ಬಳಕೆಯಲ್ಲಿವೆ. ಸವೆದುದೋ ಸವೆಯದುದೋ, ತಿಕ್ಕಿ ತೊಳೆದುದೋ ಸಹಜವಾದುದೋ ಎಂಬುದನ್ನು ನಿಮೇಷಮಾತ್ರದಲ್ಲಿ ಹೇಳಬಲ್ಲ ಕಣ್ಣು, 64ನ್ನೂ 65ನ್ನೂ ಅದೇ ನಿಶ್ಚಯದಿಂದ ಬೇರ್ಪಡಿಸಬಲ್ಲದೆಂಬುದನ್ನು ನಾನು ಒಪ್ಪಲಾರೆ. ನಾಣ್ಯವನ್ನು ಪ್ಲಾಸ್ಟಿಕ್ ಕೋಶದಲ್ಲಿ ಮುಚ್ಚಿ ದರ್ಜೆಯನ್ನು ಬರೆದುಕೊಡುವ ದೊಡ್ಡ ಸಂಸ್ಥೆಗಳು 1986ರಿಂದೀಚೆಗೆ ತಲೆಯೆತ್ತಿದ ಮೇಲೆ, ಕೋಶವನ್ನು ಒಡೆದು ಅದೇ ನಾಣ್ಯವನ್ನು ಮತ್ತೆ ಮತ್ತೆ ಪರೀಕ್ಷೆಗೆ ಕಳುಹಿಸಿ ಒಂದು ಮೆಟ್ಟಿಲು ಮೇಲಿನ ಅಂಕವನ್ನು ಗಿಟ್ಟಿಸಿಕೊಳ್ಳುವುದೇ ಕೆಲವು ವ್ಯಾಪಾರಿಗಳ ವೃತ್ತಿಯಾಯಿತು. ಆ ಸಂಸ್ಥೆಗಳಲ್ಲಿ ಒಂದೇ ನಾಣ್ಯವನ್ನು ಒಬ್ಬರಿಗಿಂತ ಹೆಚ್ಚು ಮಂದಿ ಪರೀಕ್ಷಕರು ಬೇರೆಬೇರೆಯಾಗಿ ನೋಡುವ ಏರ್ಪಾಡಿರುವುದೂ ಏಕಾಕಿಯಾದ ಕಣ್ಣಿನ ಮಿತಿಯನ್ನು ಒಪ್ಪಿಕೊಂಡಂತೆಯೇ. ಆ ಒಂದು ಅಂಕದ ಅಂತರದಲ್ಲಿ ಬೆಲೆಯು ಎಷ್ಟೋ ಮಡಿ ಏರುವಾಗ, ಕೊಳ್ಳುವವನು ಹಣ ತೆರುತ್ತಿರುವುದು ನಾಣ್ಯಕ್ಕಲ್ಲ, ಒಬ್ಬರ ಕ್ಷಣಿಕವಾದ ಅಭಿಪ್ರಾಯಕ್ಕೆ.

ಆದುದರಿಂದ ಸ್ಥೂಲವಾದ ದರ್ಜೆಯಲ್ಲಿ ಅನುಭವಿಯ ನಿಮೇಷವನ್ನು ನಾನು ಪೂರ್ಣವಾಗಿ ಗೌರವಿಸುತ್ತೇನೆ. ಸೂಕ್ಷ್ಮವಾದ ಅಂಕಗಳಲ್ಲಿ, ದೀರ್ಘವಾದ ಎರಡನೆಯ ನೋಟವಿಲ್ಲದೆ ಹೇಳಿದ ಮಾತನ್ನು ಪ್ರಮಾಣವೆಂದು ಅಂಗೀಕರಿಸಲಾರೆ. ವಾಚಕರಲ್ಲಿ ಒಂದೇ ಒಂದು ವಿಜ್ಞಾಪನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಬೆಳ್ಳಿಯ ರೂಪಾಯಿ ಸಿಕ್ಕಿದರೆ, ಬಲ್ಲವರಿಗೆ ತೋರಿಸುವ ಮುನ್ನ ದಯವಿಟ್ಟು ಅದನ್ನು ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ಬೆಳಗಬೇಡಿ. ಉಜ್ಜಿದ ಗೀರುಗಳನ್ನು ಅವರು ಒಂದೇ ನೋಟಕ್ಕೆ ಕಾಣುತ್ತಾರೆ, ಹೋದ ಕಾಂತಿಯನ್ನು ಮರಳಿ ತರುವ ಉಪಾಯ ಯಾರಲ್ಲಿಯೂ ಇಲ್ಲ.