ವೀರಕಾವ್ಯಗಳಲ್ಲಿ ಪುನರಾಗಮನ ಮತ್ತು ನಿಷ್ಠಾಪರೀಕ್ಷೆ

ಹೋಮರನ ‘ಒಡಿಸ್ಸಿ’, ವಾಲ್ಮೀಕಿಯ ‘ರಾಮಾಯಣ’ ಇವೆರಡರಲ್ಲಿಯೂ ನಾಯಕನು ದೀರ್ಘಕಾಲದ ಅನಂತರ ಸ್ವದೇಶಕ್ಕೆ ಮರಳುತ್ತಾನೆ. ಒಡಿಸ್ಯೂಸನ ಅಗಲಿಕೆ 20 ವರ್ಷಗಳದು. ರಾಮನ ವನವಾಸ 14 ವರ್ಷಗಳದು. ಪೆನೆಲೊಪೆಯನ್ನು ಸೀತೆಯೊಡನಿಟ್ಟು ಇಬ್ಬರ ಪಾತಿವ್ರತ್ಯವನ್ನು ಕೊಂಡಾಡುವುದು ಸುಲಭ. ಆದರೆ ಈ ಹೋಲಿಕೆ ಪೂರ್ತಿಯಾಗಿ ಹೊಂದದು. ಸೀತೆ ಪತಿಯೊಡನೆ ಹೊರಟವಳು. ನಾಡಿನಲ್ಲಿ ಉಳಿದು ಕಾದವನು ಭರತ. ಆದುದರಿಂದ ನಿಷ್ಠೆಯನ್ನು ಪರೀಕ್ಷಿಸುವ ಅಧಿಕಾರವನ್ನು ಕವಿ ಯಾರಿಗೆ ಕೊಟ್ಟಿದ್ದಾನೆಂಬುದನ್ನು ವಿಚಾರಿಸುವುದು ಹೆಚ್ಚು ಫಲಕಾರಿ.

‘ಒಡಿಸ್ಸಿ’ಯ 11ನೆಯ ಸರ್ಗದಲ್ಲಿ, ಪತ್ನಿಯ ದ್ರೋಹಕ್ಕೆ ಬಲಿಯಾದ ಅಗಮೆಮ್ನಾನನ ಪ್ರೇತವು ಗುಟ್ಟಾಗಿ ಊರು ಸೇರುವಂತೆ ಒಡಿಸ್ಯೂಸನನ್ನು ಎಚ್ಚರಿಸುತ್ತದೆ. ಮುಂದೆ ಅವನು ಭಿಕ್ಷುಕವೇಷದಿಂದ ಬಂದು ತನ್ನವರ ಮನಸ್ಸನ್ನು ಅಳೆಯುತ್ತಾನೆ. 23ನೆಯ ಸರ್ಗದಲ್ಲಿಯಾದರೋ ಪೆನೆಲೊಪೆಯೇ ಅವನನ್ನು ಪರೀಕ್ಷಿಸುತ್ತಾಳೆ. ಮಂಚವನ್ನು ಹೊರಗೆ ಹಾಕುವಂತೆ ಅವಳು ದಾಸಿಗೆ ಹೇಳಿದೊಡನೆ ಒಡಿಸ್ಯೂಸನು ಕೆರಳುತ್ತಾನೆ. ಬೇರೂರಿ ನಿಂತ ಆಲಿವ್ ಮರದ ಕಾಂಡವನ್ನೇ ಕಾಲಾಗಿಸಿ ಅದನ್ನು ರಚಿಸಿದವನು ಅವನೇ. ಅದು ಕದಲದೆಂಬ ಅರಿವೇ ಅವನ ಗುರುತಾಗುತ್ತದೆ. ಆದರೆ ಈ ಸಮಾನತೆ ದಂಪತಿಗಳನ್ನು ಮೀರಿ ಹೋಗದು. ಕಲಿಪ್ಸೊವಿನ ದ್ವೀಪದಲ್ಲಿ 7 ವರ್ಷ ಕಳೆದ ಒಡೆಯನು ಅದಕ್ಕಾಗಿ ವಿಚಾರಣೆಗೆ ಗುರಿಯಾಗುವುದಿಲ್ಲ. ವಿವಾಹಾಕಾಂಕ್ಷಿಗಳೊಡನೆ ಕೂಡಿದ 12 ಮಂದಿ ದಾಸಿಯರಿಗೆ, ಒಂದು ಮಾತನ್ನಾಡಲೂ ಅವಕಾಶವಿಲ್ಲದೆ, ನೇಣಾಗುತ್ತದೆ.

ವಾಲ್ಮೀಕಿಯಲ್ಲಿ ಪರೀಕ್ಷೆಗಳು ಎರಡು. ಎರಡಕ್ಕೂ ಕಾರಣ ರಾಮನ ಶಂಕೆ. ಲಂಕೆಯಲ್ಲಿ ಅವನ ಕಠೋರವಾಕ್ಯವನ್ನು ಕೇಳಿ, ಸೀತೆ ಲಕ್ಷ್ಮಣನಿಂದ ಚಿತೆಯನ್ನು ಮಾಡಿಸಿ ಅಗ್ನಿಯನ್ನು ಪ್ರವೇಶಿಸುತ್ತಾಳೆ. ಬಳಿಕ ಭರದ್ವಾಜಾಶ್ರಮದಿಂದ ಹನುಮಂತನನ್ನು ಮುಂದಾಗಿ ಕಳುಹುವ ರಾಮನು, ತನ್ನ ಆಗಮನವನ್ನು ಕೇಳಿದಾಗ ಭರತನ ಮುಖಭಾವ ಹೇಗಾಗುವುದೆಂದು ನೋಡಿ ಬರಲು ಆಜ್ಞಾಪಿಸುತ್ತಾನೆ. ನಂದಿಗ್ರಾಮದಲ್ಲಿ ಹನುಮಂತನು ಕಂಡದ್ದು, ಜಟೆ ನಾರುಮಡಿಗಳನ್ನು ತಳೆದು, ಪಾದುಕೆಗಳನ್ನು ಮುಂದಿಟ್ಟು ರಾಜ್ಯವಾಳುವ ತಪಸ್ವಿಯನ್ನು. ಭರತನ ವಿಷಯದಲ್ಲಿ ಶಂಕೆ ಅಲ್ಲಿಗೆ ತೀರುತ್ತದೆ. ಹತ್ತುಮಡಿ ಬೆಳೆದ ಬೊಕ್ಕಸದೊಡನೆ ಅವನು ರಾಜ್ಯವನ್ನು ಮರಳಿ ಒಪ್ಪಿಸುತ್ತಾನೆ. ಸೀತೆಯ ವಿಷಯದಲ್ಲಿ ಅದು ತೀರುವುದಿಲ್ಲ. ಉತ್ತರಕಾಂಡದಲ್ಲಿ ಲೋಕಾಪವಾದದ ರೂಪದಿಂದ ಅದು ಮತ್ತೆ ತಲೆಯೆತ್ತುತ್ತದೆ.

ಉತ್ತರಕಾಂಡವು ಅನಂತರದ ಸೇರ್ಪಡೆಯೆಂಬುದು ಅನೇಕ ವಿದ್ವಾಂಸರ ಮತ. ಅದನ್ನು ಒಪ್ಪಿದರೂ ಪ್ರಶ್ನೆ ಅಳಿಯದು. ರಾಮನು ಸಾಮಾನ್ಯನೊಬ್ಬನಂತೆ ಮಾತನಾಡಿದನೆಂದು ಸೀತೆ ಯುದ್ಧಕಾಂಡದಲ್ಲಿಯೇ ಆಕ್ಷೇಪಿಸಿದ್ದಾಳೆ. ಪೆನೆಲೊಪೆಗೆ ದೊರೆತ ಪರೀಕ್ಷಾಧಿಕಾರ ಅವಳಿಗೆ ದೊರೆಯಲಿಲ್ಲ. ಆದರೆ ಪರೀಕ್ಷಕನ ಎದುರಿನಲ್ಲಿಯೇ ಅವನ ಔಚಿತ್ಯವನ್ನು ಪ್ರಶ್ನಿಸುವ ವಾಣಿಯನ್ನು ಆದಿಕವಿ ಅವಳಿಗೆ ಕೊಟ್ಟನು. ಆ ಆಕ್ಷೇಪಕ್ಕೆ ರಾಮನಿಂದ ನೇರವಾದ ಉತ್ತರ ಬರಲಿಲ್ಲ. ಪಟ್ಟಾಭಿಷೇಕವಾದ ಮೇಲೆಯೂ ಸೀತೆಯ ಕಥೆ ಮುಗಿಯದೆ ಮುಂದುವರಿದುದಕ್ಕೆ ಮೂಲವನ್ನು ಇಲ್ಲಿಯೇ ಹುಡುಕಬೇಕಾಗಿದೆ.