ಮೂಲವನ್ನರಸುವ ವಿದ್ಯೆ

ಕೊಳವೆಯಲ್ಲಿ ಹರಿಯುವ ನೀರು ಘರ್ಷಣೆಯಿಂದ ಎಷ್ಟು ಒತ್ತಡವನ್ನು ಕಳೆದುಕೊಳ್ಳುತ್ತದೆಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮೇಲಿಂದಮೇಲೆ ಎದುರಾಗುವ ಪ್ರಶ್ನೆ. ಅಂತರ್ಜಾಲದಲ್ಲಿ ಅದನ್ನು ಕೇಳಿದೊಡನೆ ಸಿದ್ಧ ಸೂತ್ರಗಳೂ ಲೆಕ್ಕಯಂತ್ರಗಳೂ ಸಾಲುಗಟ್ಟಿ ಬರುತ್ತವೆ. ಆದರೆ ಅವುಗಳಲ್ಲಿ ಕೆಲವು ಡಾರ್ಸಿಯ ಘರ್ಷಣಾಂಕವನ್ನೂ ಕೆಲವು ಫ್ಯಾನಿಂಗನ ಘರ್ಷಣಾಂಕವನ್ನೂ ಹೆಸರು ಹೇಳದೆಯೇ ಬಳಸಿರುತ್ತವೆ. ಮೊದಲನೆಯದು ಎರಡನೆಯದರ ನಾಲ್ಕರಷ್ಟಾದುದರಿಂದ, ವಿಚಾರಿಸದೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟವನ ಲೆಕ್ಕವು ನಾಲ್ಕು ಪಟ್ಟು ಏರುತ್ತದೆ, ಇಲ್ಲವೆ ಕಾಲುಭಾಗಕ್ಕೆ ಇಳಿಯುತ್ತದೆ.

ಇಂಥ ಸಂದೇಹ ಹುಟ್ಟಿದಾಗ ಅಂಕದ ಬೆನ್ನುಹತ್ತಿ ಅದರ ಮೂಲದವರೆಗೆ ನಡೆಯುವುದೇ ಲೇಸು. ಘರ್ಷಣಾಂಕವನ್ನು ತೋರಿಸುವ, ಪಠ್ಯಪುಸ್ತಕಗಳಲ್ಲೆಲ್ಲ ಕಾಣುವ ಮೂಡಿಯ ರೇಖಾಚಿತ್ರ 1944ರದು. ಅದಕ್ಕೆ ಆಧಾರವಾದ ಕೋಲ್‌ಬ್ರೂಕನ ಸಮೀಕರಣ 1939ರದು. ಇವೆರಡಕ್ಕೂ ಹಿಂದೆ, ಜರ್ಮನಿಯ ಗಾಟಿಂಗೆನ್‌ನಲ್ಲಿ ನಿಕುರಾಡ್ಸೆ ಎಂಬ ವಿದ್ವಾಂಸನು ಜರಡಿಯಾಡಿಸಿ ಆಯ್ದ ಸಮಗಾತ್ರದ ಮರಳಿನ ಕಣಗಳನ್ನು ಕೊಳವೆಗಳ ಒಳಮೈಗೆ ಅಂಟಿಸಿ ಪ್ರಯೋಗ ನಡೆಸಿ, 1933ರಲ್ಲಿ ಪ್ರಕಟಿಸಿದ ಪ್ರಬಂಧವಿದೆ. ನಾಸಾಗೆ ಪೂರ್ವಜವಾದ ನಾಕಾ ಸಂಸ್ಥೆಯು 1950ರಲ್ಲಿ ಅದನ್ನು ಇಂಗ್ಲಿಷಿಗೆ ತಂದು 1292ನೆಯ ತಾಂತ್ರಿಕ ಜ್ಞಾಪನಪತ್ರವಾಗಿ ಹೊರಡಿಸಿತು. ನಾಸಾದ ತಾಂತ್ರಿಕ ವರದಿಗಳ ಭಂಡಾರದಲ್ಲಿ ಇಂದು ಯಾರು ಬೇಕಾದರೂ ಅದನ್ನು ಕಾಸು ಕೊಡದೆ ಓದಬಹುದು. ಪ್ರಯೋಗದ ಉಪಕರಣವನ್ನೂ ಅಳತೆಗಳ ಕೋಷ್ಟಕಗಳನ್ನೂ ವಿವರವಾಗಿ ಮುಂದಿಟ್ಟಿರುವ ಆ ಪುಟಗಳನ್ನು ಓದುವುದು ಈ ಶಾಸ್ತ್ರದಲ್ಲಿ ರುಚಿಯುಳ್ಳವರಿಗೆ ಪರಮ ಸಂತೋಷದ ಸಂಗತಿ. ಅಷ್ಟೇ ಅಲ್ಲದೆ, ಸಮಗಾತ್ರದ ಮರಳು ಅಂಟಿಸಿದ ಕೊಳವೆಯ ಘರ್ಷಣಾಂಕದ ವಕ್ರರೇಖೆಯು ನಡುವೆ ತಗ್ಗಿ ಮತ್ತೆ ಏರುತ್ತದೆಂಬುದನ್ನೂ, ಅಂಗಡಿಯಲ್ಲಿ ದೊರೆಯುವ ಕೊಳವೆಯ ಒರಟುತನ ಸಮವಲ್ಲದುದರಿಂದ ಅದರ ರೇಖೆ ಹಾಗೆ ಏರದೆ ಇಳಿಯುತ್ತಲೇ ಹೋಗುತ್ತದೆಂಬುದನ್ನೂ ಮೂಲದೊಡನೆ ಹೋಲಿಸಿದವರು ತಾವೇ ಕಂಡುಕೊಳ್ಳುತ್ತಾರೆ.

ಹುಡುಕುವ ಕ್ರಮದ ಗುಟ್ಟು ಇಷ್ಟೆ: ಶೋಧಯಂತ್ರಕ್ಕೆ ಪ್ರಶ್ನೆಯ ಬದಲು ಹೆಸರನ್ನು ಕೊಡಬೇಕು. ಕರ್ತೃವಿನ ನಾಮಧೇಯ, ವರದಿಯ ಸಂಖ್ಯೆ, ಸಂಹಿತೆಯ ಸಂಖ್ಯೆ, ಬಿಡಿಭಾಗದ ಮೇಲೆ ಅಚ್ಚಾದ ಸಂಜ್ಞೆ, ಇವುಗಳಲ್ಲಿ ಒಂದು ಕೈಗೆ ಸಿಕ್ಕಿತೆಂದರೆ ದಾರಿ ತೆರೆಯಿತು. ಒಂದು ಒಳ್ಳೆಯ ಪ್ರಬಂಧದ ಕೊನೆಯಲ್ಲಿರುವ ಆಧಾರಗಳ ಪಟ್ಟಿಯು ಮುಂದಿನ ಹತ್ತು ಹೆಸರುಗಳನ್ನು ಒದಗಿಸುತ್ತದೆ. ವಿದ್ಯುನ್ಮಾನ ಬಿಡಿಭಾಗದ ವಿಷಯದಲ್ಲಂತೂ ಮಾರುವವನ ಸಂಕ್ಷೇಪವನ್ನು ಬದಿಗಿಟ್ಟು, ತಯಾರಿಸಿದವನ ಡೇಟಾಶೀಟನ್ನೇ ತೆರೆಯತಕ್ಕದ್ದು.

ಹೆಸರಿನೊಡನೆ ವರ್ಷವನ್ನೂ ನೋಡಬೇಕು. ಕಾಂಕ್ರೀಟಿಗೆ ಸಂಬಂಧಿಸಿದ ನಮ್ಮ ಐಎಸ್ 456 ಸಂಹಿತೆಯ 1978ರ ಪಾಠವು ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟಿಗೆ ಎಂ 15 ದರ್ಜೆಯನ್ನು ಕನಿಷ್ಠವೆಂದು ಒಪ್ಪಿದ್ದಿತು. 2000ದ ಪರಿಷ್ಕರಣವು ಅದನ್ನು ಎಂ 20ಕ್ಕೆ ಏರಿಸಿತು. ಹಳೆಯ ಪ್ರತಿಯನ್ನು ಹೊಸದೆಂದು ನಂಬಿದವನು ಎಷ್ಟು ಶ್ರದ್ಧೆಯಿಂದ ಓದಿದರೂ ದುರ್ಬಲವಾದ ತೊಲೆಯನ್ನೇ ವಿನ್ಯಾಸ ಮಾಡುತ್ತಾನೆ. ಭಾರತೀಯ ಮಾನಕ ಬ್ಯೂರೋ ತನ್ನ ದೇಶೀಯ ಮಾನಕಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಕೊಡುತ್ತಿರುವಾಗ, ತಿದ್ದುಪಡಿಗಳ ಸುಳಿವಿಲ್ಲದ ಅನಾಮಧೇಯ ಪ್ರತಿಯನ್ನು ಬೇರೆಡೆಯಿಂದ ತರುವ ಅವಶ್ಯಕತೆಯಿಲ್ಲ.

ತಳಪಾಯದ ಪಾಠವೇ ಬೇಕಾದವರಿಗೆ, ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಉಪನ್ಯಾಸಮಾಲೆಗಳಿವೆ. ಕಾಲೇಜಿನ ಪುಸ್ತಕಭಂಡಾರ ಬಡವಾಗಿರುವ ಊರಿನ ವಿದ್ಯಾರ್ಥಿಗೂ ಅವು ಸಮಾನವಾಗಿ ಲಭ್ಯ.

ತರುಣ ಓದುಗರಲ್ಲಿ ನನ್ನ ಪ್ರಾರ್ಥನೆ ಒಂದೇ. ಅಂತರ್ಜಾಲದಿಂದ ಎತ್ತಿಕೊಂಡ ಪ್ರತಿಯೊಂದು ಅಂಕದ ಪಕ್ಕದಲ್ಲಿ ಅದರ ಮೂಲವನ್ನೂ ವರ್ಷವನ್ನೂ ಅಳತೆಯ ಮಾನವನ್ನೂ ಬರೆದಿಡಿ. ಈ ಮೂರರಲ್ಲಿ ಒಂದು ತಿಳಿಯದಿದ್ದರೂ, ತಿಳಿಯುವವರೆಗೆ ಆ ಅಂಕವನ್ನು ನಿಮ್ಮ ವಿನ್ಯಾಸದೊಳಕ್ಕೆ ಬಿಟ್ಟುಕೊಳ್ಳಬೇಡಿ.